ಕನ್ನಡ ಪದ ಬೇಕು: ಮೆಟಾಸ್ಟಾಸಿಸ್ (ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡುವುದು), ನ್ಯಾನೋಕಣ (ಫ್ಲೆಕ್ಸ್ ಸಂಜೆ ಮುದ್ರಣಕ್ಕೆ)

ಧಾರವಾಡದಿಂದ:
ವಿಜ್ಞಾನ ಪ್ರದರ್ಶನದ ಫ್ಲೆಕ್ಸಿಗೆ ಒಂದು ವಾಕ್ಯ ಬೇಕಾಗಿದೆ. ವಿಷಯ: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಕಿಂಗ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ. ಲೈಪೋಸೋಮಿನ (ಕೊಬ್ಬಿನ ಪದರದ ಪುಟ್ಟ ಗುಳ್ಳೆ) ಮೈಮೇಲೆ ಎರಡು ಪ್ರೋಟೀನು. ಇ-ಸೆಲೆಕ್ಟಿನ್ ಬಿಳಿ ರಕ್ತಕಣಕ್ಕೆ ಅಂಟುತ್ತದೆ, ಟ್ರೇಲ್ ಎದುರಾದ ಕ್ಯಾನ್ಸರ್ ಕೋಶಕ್ಕೆ ಸಾವಿನ ಸಂಕೇತ ಕೊಡುತ್ತದೆ. ನನ್ನ ಕರಡು: ‘ಬಿಳಿ ರಕ್ತಕಣಕ್ಕೆ ಸೂಕ್ಷ್ಮಕಣ ಅಂಟಿಸಿ, ಸ್ಥಾನಾಂತರಗೊಂಡ ಅರ್ಬುದಕಣಗಳನ್ನು ಆತ್ಮಹತ್ಯೆಗೆ ದೂಡುವ ಚಿಕಿತ್ಸೆ’. ಮೆಟಾಸ್ಟಾಸಿಸ್‌ಗೆ ‘ಸ್ಥಾನಾಂತರ’ ಪದ ನಡೆಯುತ್ತದೆಯೇ?

ಹುಬ್ಬಳ್ಳಿಯಿಂದ:
ನಡೆಯೂದಿಲ್ಲ. ಮೂಲಗಡ್ಡೆ ಇದ್ದಲ್ಲೇ ಇರ್ತದ. ಇದೇನು ತಹಶೀಲ್ದಾರರ ವರ್ಗಾವಣೆ ಅಲ್ಲ. ‘ಹರಡಿದ’ ಅಂದ್ರೂ ತಪ್ಪ. ಇಲ್ಲಿ ಗುರಿ ಇನ್ನೂ ಎಲ್ಲಿಯೂ ನೆಲೆಯೂರದ, ರಕ್ತದಾಗ ತಿರುಗೋ ಕೋಶ. ಇನ್ನ ಮೂರು ‘ಕಣ’ ಒಂದೇ ವಾಕ್ಯದಾಗ! ಬಿಳಿ ರಕ್ತಕೋಶದ ಅಡ್ಡಳತೆ ಸುಮಾರು 10 ಮೈಕ್ರೋಮೀಟರ್, ಲೈಪೋಸೋಮಿನದು ಸುಮಾರು 100 ನ್ಯಾನೋಮೀಟರ್: ನೂರು ಪಟ್ಟು ಅಂತರ. ಓದಿದವರಿಗೆ ಎರಡೂ ಸಮ ಕಾಣ್ತಾವ. ‘ಸೂಕ್ಷ್ಮ’ ಮೈಕ್ರೋಕ್ಕ ಹೋಗಿಬಿಟ್ಟದ, ಅದನ್ನ ಇಲ್ಲಿ ಎಳೀಬ್ಯಾಡ್ರಿ.

ಗದಗದಿಂದ:
ನ್ಯಾನೋ ಯಾಕೆ? ಗ್ರೀಕಿನಲ್ಲಿ ಅದು ಕುಳ್ಳ. ‘ಕುಳ್ಳುಕಣ’ ಅನ್ನಿ. ಕ್ಯಾನ್ಸರಿಗೆ ಏಡಿಹುಣ್ಣು ಇದೆ. ಗ್ರೀಕರ ಕಾರ್ಕಿನೋಸ್ ಕೂಡ ಏಡಿಯೇ. ಎರವಲು ತರುವ ಚಟ ಬಿಡಬೇಕು.

ಹುಬ್ಬಳ್ಳಿಯಿಂದ:
ಕುಳ್ಳು ಅಂದ್ರ ನಮ್ಮಲ್ಲಿ ಒಲಿಗೆ ಹಾಕೋ ಬೆರಣಿ, ಸರ್. ರಕ್ತದಾಗ ಒಂಟಿಯಾಗಿ ತೇಲೋ ಕೋಶಕ್ಕ ಹುಣ್ಣು ಎಲ್ಲಿಂದ ಬಂತು? ಮತ್ತ ನಿಮ್ಮ ‘ಕಣ’ವೂ ಸಂಸ್ಕೃತದ್ದೇ. ಅಚ್ಚಗನ್ನಡದ ಕಣ ಬೇಕಂದ್ರ ರಾಶಿ ಮಾಡೋ ಕಣ ಅದ, ತಮಿಳಿನ ‘ಕಳಂ’ ಅದರ ಬಳಗ.

ಗದಗದಿಂದ:
ಹಾಗಾದರೆ ಟ್ರೇಲ್, ಲೈಪೋಸೋಮ್ ಎಲ್ಲ ಇಂಗ್ಲಿಷಿನಲ್ಲೇ ಬರೆದುಬಿಡಿ. ಫ್ಲೆಕ್ಸ್ ಮಾತ್ರ ಕನ್ನಡದ್ದು.

ಹಾವೇರಿಯಿಂದ:
ಜಗಳ ಆಮೇಲೆ. ನೋಡಲು ರೋಗಿಗಳೂ ಬರುವ ಕಡೆ ‘ಆತ್ಮಹತ್ಯೆ’ ಹಾಕಬೇಡಿ. ಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುವುದಕ್ಕೆ ಅಪೊಪ್ಟೋಸಿಸ್ ಎಂಬುದು 1972ರಲ್ಲಿ ಬಂದ ಹೆಸರು, ಗ್ರೀಕಿನಲ್ಲಿ ಎಲೆ ಉದುರುವುದು. ‘ಉದುರುಸಾವು’ ನನಗೆ ಇಷ್ಟ, ಆದರೆ ಅರ್ಥವಾಗಲಿಕ್ಕಿಲ್ಲ. ‘ಸ್ವಯಂನಾಶ’ ಸಾಕು. ‘ಚಿಕಿತ್ಸೆ’ ಮೊದಲು ತೆಗೆಯಿರಿ. ಇದು ಇಲಿಗಳಲ್ಲಿ ಮಾಡಿದ ಪ್ರಯೋಗ. ಚಿಕಿತ್ಸೆ ಎಂದರೆ ನಾಳೆಯೇ ‘ಎಲ್ಲಿ ಸಿಗತದ್ರಿ’ ಎಂದು ಕೇಳುತ್ತಾರೆ.
ಹೀಗೆ ಹಾಕಿ: ‘ಬಿಳಿ ರಕ್ತಕೋಶಗಳಿಗೆ ನ್ಯಾನೋಕಣ ಅಂಟಿಸಿ, ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕೋಶಗಳು ಬೇರೆ ಅಂಗಕ್ಕೆ ಹರಡುವ ಮೊದಲೇ ಸ್ವಯಂನಾಶವಾಗುವಂತೆ ಮಾಡುವ ಪ್ರಯೋಗ (ಇಲಿಗಳಲ್ಲಿ)’.

ಧಾರವಾಡದಿಂದ:
ಇದನ್ನೇ ಕಳಿಸುತ್ತೇನೆ.

ಹುಬ್ಬಳ್ಳಿಯಿಂದ:
ಯುನಿಕೋಡ್ ಪಠ್ಯ ಹಂಗ ಕಳಿಸಬ್ಯಾಡ್ರಿ. ಅಂಗಡಿಯವರ ಹಳೇ ಸಾಫ್ಟ್‌ವೇರಿನಾಗ ಒತ್ತಕ್ಷರ ಒಡೀತಾವ, ‘ಕ್ಯಾನ್ಸರ್’ದೇ ಮೊದಲು. ಪಿಡಿಎಫ್ ಮಾಡಿ ಕೊಡ್ರಿ.