ಶೇಲ್ ಆಯಿಲ್: ಹಳೆ ಬಾವಿ ಪಕ್ಕ ಕೊರೆದ ಹೊಸ ಬಾವಿ ಯಾಕೆ ಕಮ್ಮಿ ಕೊಡುತ್ತೆ?

ಕುಷ್ಟಗಿ_ಹುಡುಗ:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ಸೆಮಿನಾರಿಗೆ ಅಮೆರಿಕದ ಟೆಕ್ಸಾಸಿನ ಪರ್ಮಿಯನ್ ಪ್ರದೇಶದ ಶೇಲ್ (ಎಣ್ಣೆ ಹಿಡಿದಿಟ್ಟ ಗಟ್ಟಿ ಪದರಗಲ್ಲು) ವಿಷಯ ತಗೊಂಡೀನಿ. ಮೊದಲ ಬಾವಿ ಕೆಲವು ವರ್ಷ ಎಣ್ಣೆ ಕೊಟ್ಟ ಮೇಲೆ ಪಕ್ಕದಲ್ಲಿ ಇನ್ನೊಂದು ಕೊರೆದರೆ ಅದು ಅಷ್ಟು ಕೊಡಲ್ಲ ಅಂತ ಓದಿದೆ. ನಮ್ಮ ಹೊಲದಲ್ಲೂ ಬದುವಿನಾಚೆ ದಾಯಾದಿಗಳು ಬೋರ್ ಹೊಡಿಸಿದ ಮೇಲೆ ನಮ್ಮ ಬೋರಿನ ನೀರು ಇಳೀತು. ಇದೂ ಅದೇನಾ? ಶೇಲ್‌ನಲ್ಲಿ ಎಣ್ಣೆ ಸರಿಯಾಗಿ ಹರಿಯೋದೇ ಇಲ್ಲ ಅಂತಾರಲ್ಲ, ಮತ್ತೆ ಹೇಗೆ?

ಗಂಗಾವತಿ_ಭತ್ತ:
ಅದೇ ತಮ್ಮಾ. ಒಂದೇ ಸೆಲೆಗೆ ಇಬ್ಬರು ಕೈ ಹಾಕಿದ್ರೆ ಇಬ್ಬರಿಗೂ ಸಾಲಲ್ಲ. ದೂರ ದೂರ ಕೊರೀಬೇಕು, ಅಷ್ಟೆ.

ಸಿಂಧನೂರ_ರಿಗ್:
ಅಣ್ಣಾವ್ರು ಹೇಳಿದ್ದು ಅರ್ಧ ಖರೆ. ನಾನು ಟೆಕ್ಸಾಸಿನ ಮಿಡ್ಲೆಂಡ್ ಕಡೆ ಫ್ರ್ಯಾಕ್ (ಕಲ್ಲು ಸೀಳೋ) ಕ್ರೂದಾಗ ದುಡಿದು ಬಂದೀನಿ, ಉಳಿದರ್ಧ ಹೇಳ್ತೀನಿ.

ನಮ್ಮ ಕಡೆ ಗ್ರಾನೈಟಿನ ಬಿರುಕಿನ್ಯಾಗ ನೀರು ಓಡಾಡ್ತದ, ಅದಕ್ಕ ಪಕ್ಕದ ಪಂಪು ನಿಮ್ಮ ನೀರು ಎಳೀತು. ಶೇಲ್‌ದಾಗ ಎಣ್ಣೆ ಹಂಗ ದೂರದಿಂದ ಬರಂಗಿಲ್ಲ. ಅದಕ್ಕ ಬಾವಿನ ಎರಡು ಮೈಲಿ ಅಡ್ಡಕ್ಕ ಕೊರೆದು, ನೀರು-ಮರಳು ನುಗ್ಗಿಸಿ ಕಲ್ಲು ಸೀಳ್ತೀವಿ. ಸೀಳು ಯಾವ ಕಡೆ ಓಡಬೇಕು ಅಂತ ನಾವು ಹೇಳಿದ್ರ ಕೇಳಂಗಿಲ್ಲ. ಎಲ್ಲಿ ಸ್ಟ್ರೆಸ್ (ಕಲ್ಲನ್ನ ಅದುಮೋ ಒತ್ತು) ಕಮ್ಮಿ ಅದನೋ ಅಲ್ಲಿಗೇ ಓಡ್ತದ.

ಹಳೆ ಬಾವಿ ಎಣ್ಣೆ ಕೊಟ್ಟು ಕೊಟ್ಟು ಸುತ್ತಲಿನ ಕಲ್ಲಿನ ರಂಧ್ರದಾಗಿನ ಪ್ರೆಶರ್ ಇಳಿದಿರ್ತದ. ಮ್ಯಾಲಿನ ಕಲ್ಲಿನ ತೂಕ ಇದ್ದಷ್ಟೇ ಇದ್ರೂ ಅಡ್ಡದ ಸ್ಟ್ರೆಸ್ ಇಳೀತದ. ಲೆಕ್ಕ ಬೇಕಂದ್ರ: ಪ್ವಾಸಾನ್ ಅನುಪಾತ (ಅದುಮಿದ್ರ ಕಲ್ಲು ಅಡ್ಡಕ್ಕ ಎಷ್ಟು ಉಬ್ಬತದ ಅನ್ನೋದು) 0.25, ಬಯೋ ಗುಣಾಂಕ (ರಂಧ್ರದ ಪ್ರೆಶರ್ ಕಲ್ಲಿನ ಸ್ಟ್ರೆಸ್ಸಿಗೆ ಎಷ್ಟು ತಟ್ಟತದ ಅನ್ನೋದು) 0.8 ಹಿಡಿ. ಪ್ರೆಶರ್ 1000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇಳಿದ್ರ ಸ್ಟ್ರೆಸ್ ಸುಮಾರು 530 ಪಿಎಸ್‌ಐ ಇಳೀತದ. ಸೀಳಿನ ದಾರಿ ತಿರುಗಿಸಲಿಕ್ಕೆ ಅಷ್ಟು ಭಾಳ ಆತು. ಹೊಸ ಬಾವಿಯ ಎರಡೂ ಮಗ್ಗಲಿಗೆ ಸಮ ಬೆಳೀಬೇಕಾದ ಸೀಳು ಹಳೆ ಬಾವಿ ಕಡೆ ವಾಲ್ತದ. ಆಗಲೇ ಹೀರಿದ ಕಲ್ಲಿಗೆ ನಮ್ಮ ನೀರು-ಮರಳು ಹೋಗಿ, ಎಣ್ಣೆ ತುಂಬಿದ ಆಚೆ ಮಗ್ಗಲು ಸೀಳದೇ ಉಳೀತದ.

ಡೇಟಾ ವ್ಯಾನಿನಾಗ ಕೂತ್ರ ಇದು ಕಣ್ಣಿಗೇ ಕಾಣ್ತದ. ಪಂಪ್ ನಿಲ್ಲಿಸಿದ ಕೂಡ್ಲೇ ಸ್ಕ್ರೀನಿನ ಮ್ಯಾಲ ಪ್ರೆಶರ್ ಗೆರೆ ಧಡಕ್ಕನೆ ಇಳಿದು, ಒಂದೆರಡು ಸಲ ಅಲುಗಾಡಿ, ಒಂದು ಮಟ್ಟಕ್ಕ ಬರ್ತದ. ಅದು ಐಎಸ್‌ಐಪಿ, ಅತಿ ಕಮ್ಮಿ ಸ್ಟ್ರೆಸ್ಸಿನ ಸುಳಿವು. ಹೀರಿದ ಕಲ್ಲಿನ ಹತ್ತಿರದ ಸ್ಟೇಜಿನಾಗ (ಬಾವಿನ ತುಂಡು ತುಂಡಾಗಿ ಸೀಳ್ತೀವಿ, ಒಂದೊಂದು ತುಂಡೂ ಒಂದು ಸ್ಟೇಜ್) ಅದು ಕೆಳಗ ಬರ್ತದ. ಅದೇ ಹೊತ್ತಿಗೆ ಬಂದ್ ಮಾಡಿಟ್ಟ ಹಳೆ ಬಾವಿಯ ಗೇಜ್ ತಾನೇ ಏರ್ಕೊಂತ ಹೊಂಟಿರ್ತದ. ಇದಕ್ಕ ಫ್ರ್ಯಾಕ್ ಹಿಟ್ ಅಂತಾರ. ಜೋರಾದ್ರ ಹಳೆ ಬಾವಿಗೆ ಮರಳು ತುಂಬಿ ಅದೂ ಕೈ ಕೊಡ್ತದ.

ಕುಷ್ಟಗಿ_ಹುಡುಗ:
ಸರ್, ಮೊದಲೇ ಹಳೆ ಬಾವಿಗೆ ನೀರು ತುಂಬಿಸಿ ಪ್ರೆಶರ್ ವಾಪಸ್ ತಂದ್ರೆ?

ಸಿಂಧನೂರ_ರಿಗ್:
ಮಾಡ್ತಾರ ತಮ್ಮಾ, ಪ್ರಿಲೋಡ್ ಅಂತಾರ. ಆದ್ರ ವರ್ಷಗಟ್ಟಲೆ ಖಾಲಿಯಾದದ್ದು ಕೆಲವು ದಿನದಾಗ ತುಂಬಂಗಿಲ್ಲ. ನೀರು ಹೆಚ್ಚಾಗಿ ಹಳೆ ಸೀಳಿನ್ಯಾಗೇ ನಿಲ್ತದ, ಕಲ್ಲಿನೊಳಗ ಇಳಿಯೋದು ಭಾಳ ನಿಧಾನ. ಹಳೇದನ್ನೇ ಮತ್ತೊಮ್ಮೆ ಫ್ರ್ಯಾಕ್ ಮಾಡೋದೂ ಅದ. ನನ್ನ ಕೇಳಿದ್ರ, ಮ್ಯಾಲಿನ ಪದರ ಕೆಳಗಿನ ಪದರ ಸೇರಿಸಿ ಅಕ್ಕಪಕ್ಕದ ಬಾವಿ ಎಲ್ಲಾ ಒಂದೇ ಸಲಕ್ಕ ಕೊರೆದು ಫ್ರ್ಯಾಕ್ ಮಾಡೋದೇ ಸರಿ. ಇದು ಕ್ಯೂಬ್ ಡೆವಲಪ್‌ಮೆಂಟ್. ಎಣ್ಣೆ ಬರೋದಕ್ಕಿಂತ ಮೊದಲೇ ರೊಕ್ಕ ಸುರೀಬೇಕು, ಅದೊಂದು ತೊಡಕು.

ಹಟ್ಟಿ_ಶಿಫ್ಟ್:
ನಮ್ಮ ಗಣಿ ಕೆಲಸದಾಗ ಉಲ್ಟಾ ನೋಡ್ರಿ. ಅದಿರು ತೆಗೆದ ಜಾಗದ ಭಾರ ಪಕ್ಕದ ಪಿಲ್ಲರಿಗೆ ಬಂದು ಸ್ಟ್ರೆಸ್ ಏರ್ತದ. ಕೋಲಾರದಾಗ 3 ಕಿ.ಮೀ. ಆಳ ದಾಟಿದ್ರು, ಅಲ್ಲಿ ಕಲ್ಲು ಸಿಡಿದು ಎಷ್ಟು ಜೀವ ಹೋದ್ವು! ನಿಮ್ಮ ಶೇಲ್ ಕಡೆ ಎಲ್ಲೂ ಏರಂಗಿಲ್ಲೇನು?

ಸಿಂಧನೂರ_ರಿಗ್:
ಏರ್ತದ್ರೀ ಅಣ್ಣಾ, ಒಳ್ಳೆ ಪ್ರಶ್ನೆ. ಎಣ್ಣೆ ಜೋಡಿ ಬರೋ ಉಪ್ಪುನೀರನ್ನ ಬ್ಯಾರೆ ಪದರಕ್ಕ ವಾಪಸ್ ತಳ್ತಾರ, ಅಲ್ಲಿ ಪ್ರೆಶರ್ ಏರ್ತದ. ಪರ್ಮಿಯನ್‌ದೇ ಭಾಗವಾದ ಡೆಲವೇರ್ ಬೇಸಿನ್‌ದಾಗ 2022ರ ನವೆಂಬರ್‌ದಾಗ 5.4 ತೀವ್ರತೆಯ ಭೂಕಂಪ ಆತು. ಆಮ್ಯಾಲ ಟೆಕ್ಸಾಸ್ ರೈಲ್‌ರೋಡ್ ಕಮಿಷನ್ (ಹೆಸರು ರೈಲಿಂದು, ಕೆಲಸ ಎಣ್ಣೆದು) ಆಳಕ್ಕ ನೀರು ತಳ್ಳೋದನ್ನ ಇನ್ನೂ ಬಿಗಿ ಮಾಡ್ತು. ಮ್ಯಾಲಿನ ಪದರಕ್ಕ ತಳ್ಳಿದ್ರೂ ತ್ರಾಸ ತಪ್ಪಂಗಿಲ್ಲ. ಹೊಸ ಬಾವಿ ಆ ಪದರ ದಾಟಿಯೇ ಕೆಳಗ ಹೋಗಬೇಕು, ಪ್ರೆಶರ್ ಏರಿದಲ್ಲಿ ಡ್ರಿಲ್ಲಿಂಗ್ ಮಡ್ (ಕೊರೆಯೋವಾಗ ಬಾವಿಯಾಗ ತುಂಬೋ ಕೆಸರಿನಂಥ ದ್ರವ) ಇನ್ನೂ ಭಾರದ್ದು ಮಾಡಬೇಕು, ಕೆಲವು ಕಡೆ ಹೆಚ್ಚಿನ ಕೇಸಿಂಗ್ ಇಳಿಸಬೇಕು. ತಮ್ಮಾ, ಸೆಮಿನಾರಿನಾಗ ಇದಕ್ಕೂ ಒಂದು ಸ್ಲೈಡ್ ಇಡು.