ಕಿಟಾ (ಶಿಶುವಿಹಾರ) ಸೇರಿದ ಮೇಲೆ ಮಗಳಿಗೆ ಬಿಡದ ನೆಗಡಿ, ಇಬ್ಬರಿಗೂ ಕೆಲಸ: ಊರಿಂದ ಅಮ್ಮನನ್ನು ಕರೆಸಿಕೊಳ್ಳೋಣವೇ?

ಹಾಸನದ ಹುಡುಗಿ (ಫ್ರಾಂಕ್‌ಫರ್ಟ್ ಹತ್ತಿರ)

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಇಬ್ಬರೂ ಕೆಲಸಕ್ಕೆ ಹೋಗುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಗಳಿಗೆ ಈಗ ಒಂದೂವರೆ ವರ್ಷ. ಆಗಸ್ಟ್‌ನಲ್ಲಿ ಕಿಟಾಗೆ ಸೇರಿಸಿದೆವು. ಐನ್‌ಗೆವೋನುಂಗ್ (ಮಗುವನ್ನು ಹೊಸ ಜಾಗಕ್ಕೆ ಒಗ್ಗಿಸುವುದು) ನಿಧಾನಕ್ಕೆ ನಡೆದರೂ ಚೆನ್ನಾಗಿಯೇ ಆಯಿತು. ಮೊದಮೊದಲು ನಾನು ಅದೇ ಕೋಣೆಯ ಮೂಲೆಯಲ್ಲಿ ಸುಮ್ನೆ ಕೂತಿರುತ್ತಿದ್ದೆ, ಆಮೇಲೆ ಸ್ವಲ್ಪ ಹೊತ್ತು ಹೊರಗೆ, ಆಮೇಲೆ ಊಟದವರೆಗೆ, ಕೊನೆಗೆ ಮಧ್ಯಾಹ್ನದ ನಿದ್ದೆಯೂ ಅಲ್ಲೇ. ಟೀಚರ್ ತುಂಬಾ ಒಳ್ಳೆಯವರು. ಮಗಳು ಈಗ ಅವರ ಕೈ ಹಿಡಿದುಕೊಂಡು ನನಗೆ ಟಾಟಾ ಮಾಡುತ್ತಾಳೆ. ಆ ಚಿಂತೆ ಇಲ್ಲ.

ಚಿಂತೆ ಕಾಯಿಲೆಯದ್ದು. ಅಕ್ಟೋಬರ್ ಬಂದಿದ್ದೇ ಬಂದಿದ್ದು, ಮೂಗು ಸೋರುವುದು ನಿಂತೇ ಇಲ್ಲ. ನೆಗಡಿ ಹೋಯಿತು ಅನ್ನುವಷ್ಟರಲ್ಲಿ ಕಿವಿ ನೋವು, ಅದು ಇಳಿಯಿತು ಅನ್ನುವಷ್ಟರಲ್ಲಿ ಕೈ-ಕಾಲು-ಬಾಯಿ ಗುಳ್ಳೆ. ಬೆಳಿಗ್ಗೆ ಬಿಟ್ಟು ಬಂದು ಲ್ಯಾಪ್‌ಟಾಪ್ ತೆಗೆಯುವ ಹೊತ್ತಿಗೆ ಫೋನ್ ಬರುತ್ತದೆ, 38.5 ಇದೆ, ಬಂದು ಕರೆದುಕೊಂಡು ಹೋಗಿ ಅಂತ. ಜ್ವರ ಪೂರ್ತಿ ಬಿಟ್ಟು ಒಂದು ದಿನ ಆಗುವವರೆಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಡಾಕ್ಟರ್ ಹತ್ತಿರ ಹೋದರೆ ವೈರಸ್ಸು, ನೀರು ಜಾಸ್ತಿ ಕುಡಿಸಿ, ವಿಶ್ರಾಂತಿ ಕೊಡಿ ಅನ್ನುತ್ತಾರೆ, ಅಷ್ಟೇ.

ನಾನು ವಾರಕ್ಕೆ 30 ಗಂಟೆ ಕೆಲಸ ಮಾಡುತ್ತೇನೆ, ಮನೆಯವರು ಪೂರ್ತಿ. ಅವರದ್ದು ಬ್ಲೂ ಕಾರ್ಡ್ (ಓದಿದವರಿಗೆ ಕೆಲಸದ ಮೇಲೆ ಸಿಗುವ ವೀಸಾ), ನಾನು ಅವರ ಹೆಂಡತಿ ಅಂತ ವೀಸಾ ಪಡೆದು ಬಂದವಳು. ಇಬ್ಬರ ರಜೆಯೂ ಮುಗಿಯುತ್ತಾ ಬಂತು. ಅಮ್ಮ ದಿನಾ ವಿಡಿಯೋ ಕಾಲ್‌ನಲ್ಲಿ ಮಗು ಸೊರಗಿದೆ ಅಂತ ಅಳುತ್ತಾರೆ, ಟಿಕೆಟ್ ಮಾಡಿಸು, ನಾಳೆನೇ ಬರ್ತೀನಿ ಅನ್ನುತ್ತಾರೆ. ಅತ್ತೆ ಹೇಳುವುದು ಬೇರೆ, ಮಗುವನ್ನು ಊರಿಗೆ ಕರೆತಂದು ಬಿಡಿ, ಎರಡು ವರ್ಷ ನಾವೇ ಸಾಕುತ್ತೇವೆ ಅಂತ. ಅದು ನನ್ನ ಕೈಲಿ ಆಗದ ಮಾತು. ಆದರೆ ಅಮ್ಮನನ್ನು ಡಿಸೆಂಬರ್‌ನಿಂದ ಮೂರು ತಿಂಗಳು ಕರೆಸಿಕೊಳ್ಳೋಣವಾ? ಇಲ್ಲ ನಾನೇ ಕೆಲಸದ ಗಂಟೆ ಇನ್ನೂ ಕಡಿಮೆ ಮಾಡಲಾ? ನೀವೆಲ್ಲ ಮೊದಲ ಚಳಿಗಾಲ ಹೇಗೆ ದಾಟಿದಿರಿ?

ತುಮಕೂರು ಅಪ್ಪ (ಸ್ಟುಟ್‌ಗಾರ್ಟ್)

ಮೇಡಂ, ಮೊದಲು ಒಂದು ಮಾತು. ನಿಮ್ಮ ಮಗಳಿಗೆ ಏನೋ ದೊಡ್ಡ ತೊಂದರೆ ಇದೆ ಅಂದುಕೊಳ್ಳಬೇಡಿ. ಕಿಟಾದ ಮೊದಲ ವರ್ಷದಲ್ಲಿ ಮಕ್ಕಳಿಗೆ 8ರಿಂದ 12 ಸಲ ಸೋಂಕು ಬರುವುದು ಮಾಮೂಲು ಅಂತ ಇಲ್ಲಿನ ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ, ಅದರಲ್ಲಿ ಹೆಚ್ಚಿನವು ಚಳಿಗಾಲದಲ್ಲೇ ಬಂದು ಬೀಳುತ್ತವೆ. ನಮ್ಮ ಮಗನಿಗೂ ಹೀಗೇ ಇತ್ತು, ಎರಡನೇ ಚಳಿಗಾಲಕ್ಕೆ ಎಷ್ಟೋ ಕಡಿಮೆ ಆಯಿತು.

ರಜೆ ಮುಗಿಯುತ್ತಿದೆ ಅಂದಿರಲ್ಲ, ಯಾವ ರಜೆ? ನಿಮ್ಮ ಉರ್ಲಾಬ್ (ವರ್ಷದ ಮಾಮೂಲಿ ರಜೆ) ಖರ್ಚು ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಮಗುವಿನ ಕಾಯಿಲೆಗೆ ಅಂತಲೇ ಬೇರೆ ರಜೆ ಇದೆ. ಸರ್ಕಾರಿ ವ್ಯವಸ್ಥೆಯ ಕ್ರಾಂಕೆನ್‌ಕಾಸ್ಸೆಯಲ್ಲಿ (ಆರೋಗ್ಯ ವಿಮೆ) ನೀವೂ ಮಗುವೂ ಇದ್ದರೆ, 2025ರಲ್ಲಿ ಒಂದು ಮಗುವಿಗೆ ಅಪ್ಪನಿಗೆ 15 ಕೆಲಸದ ದಿನ, ಅಮ್ಮನಿಗೆ 15 ದಿನ. ಒಬ್ಬರೇ ಸಾಕುವವರಿಗೆ 30. ಆ ದಿನಗಳಿಗೆ ಕಂಪನಿ ಸಂಬಳ ಕೊಡದಿದ್ದರೆ ಕಾಸ್ಸೆಯವರು ಕೊಡುತ್ತಾರೆ, ಸಾಮಾನ್ಯವಾಗಿ ಕೈಗೆ ಬರುತ್ತಿದ್ದ ಸಂಬಳದಲ್ಲಿ ಕಡಿತವಾದ ಮೊತ್ತದ 90 ಪ್ರತಿಶತ. ಡಾಕ್ಟರ್ ಚೀಟಿ ಮೊದಲ ದಿನದಿಂದಲೇ ಬೇಕು. ಮಗು ಅವರಿಗೆ ಮೊದಲೇ ಪರಿಚಯ ಇದ್ದು, ಕಾಯಿಲೆ ಜೋರಿಲ್ಲದಿದ್ದರೆ ಫೋನಿನಲ್ಲೇ ಚೀಟಿ ಕೊಡುವ ವ್ಯವಸ್ಥೆ 2023ರ ಡಿಸೆಂಬರ್‌ನಿಂದ ಇದೆ, ಕೇಳಿ ನೋಡಿ. ಜ್ವರದ ಮಗುವನ್ನು ಎತ್ತಿಕೊಂಡು ಕೆಮ್ಮುವವರ ಮಧ್ಯೆ ಕೂರುವುದು ತಪ್ಪುತ್ತದೆ. ಈ ಲೆಕ್ಕ ಕ್ಯಾಲೆಂಡರ್ ವರ್ಷದ್ದು, ಜನವರಿಗೆ ಹೊಸದಾಗಿ ಶುರು. ಹಾಗಾಗಿ ಡಿಸೆಂಬರ್ ತಿಂಗಳೊಂದನ್ನು ದಾಟಿಸಿದರೆ ಸಾಕು.

ಇನ್ನೊಂದು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಿಟಾದವರು ಫೋನ್ ಮಾಡುವುದು ಯಾಕೆ ಯಾವಾಗಲೂ ನಿಮಗೇ? ಫಾರಂನಲ್ಲಿ ಮೊದಲ ನಂಬರ್ ಅಮ್ಮನದ್ದು ಇರುತ್ತದೆ, ಅದಕ್ಕೆ. ನಮ್ಮ ಮನೆಯಲ್ಲಿ ಸೋಮವಾರ, ಬುಧವಾರ ಮತ್ತು ಒಂದು ವಾರ ಬಿಟ್ಟು ಒಂದು ಶುಕ್ರವಾರ ನನ್ನ ಸರದಿ, ಉಳಿದದ್ದು ಹೆಂಡತಿಯದ್ದು. ಅವರವರ ದಿನ ಫೋನ್ ಬಂದರೆ ಅವರವರೇ ಮೀಟಿಂಗ್ ಬಿಟ್ಟು ಹೋಗಬೇಕು, ಚರ್ಚೆಯೇ ಇಲ್ಲ. ನನ್ನ ಟೀಮ್‌ನಲ್ಲಿ ಜರ್ಮನ್ ಅಪ್ಪಂದಿರೂ ಇದನ್ನೇ ಮಾಡುತ್ತಾರೆ, ಯಾರೂ ಒಂದು ಮಾತು ಅನ್ನುವುದಿಲ್ಲ. ನಮ್ಮವರೇ ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಅಂತ ಹೆದರಿಕೊಂಡು ಹೆಂಡತಿಯನ್ನು ಮುಂದೆ ಬಿಡುವುದು.

ಮಂಗಳೂರು ಮೀನು (ಬರ್ಲಿನ್)

ಮೇಲಿನವರು ಹೇಳಿದ್ದು ಸರಿ, ಆದರೆ ಅಮ್ಮನ ವಿಷಯದಲ್ಲಿ ನನ್ನ ಅನುಭವ ಒಳ್ಳೆಯದು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಎರಡನೇ ಮಗು ಕಿಟಾ ಸೇರಿದಾಗ ಅಮ್ಮ ಬಂದಿದ್ದರು. ಮನೆಗೆ ಬಂದರೆ ಬಿಸಿ ಸಾರಿನ ವಾಸನೆ ಬರುತ್ತಿತ್ತು, ಅಷ್ಟೇ ಸಾಕು ಅನ್ನಿಸುತ್ತಿತ್ತು. ದೊಡ್ಡವನು ರಾತ್ರಿ ಅಜ್ಜಿಯ ಪಕ್ಕ ಮಲಗಿ ಕಥೆ ಕೇಳುತ್ತಿದ್ದ, ಆ ಮೂರು ತಿಂಗಳಲ್ಲಿ ಅವನ ಬಾಯಲ್ಲಿ ಬಂದಷ್ಟು ಮಾತು ನಾವು ಎರಡು ವರ್ಷದಲ್ಲಿ ಕಲಿಸಿರಲಿಲ್ಲ.

ಆದರೆ ಸಮಯ ಇಲ್ಲ ಅನ್ನುವುದು ನೆನಪಿಡಿ. ಷೆಂಗೆನ್ ವೀಸಾದಲ್ಲಿ (ಯುರೋಪಿಗೆ ಸ್ವಲ್ಪ ದಿನಕ್ಕೆ ಬರುವವರ ವೀಸಾ) ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಡಿಸೆಂಬರ್‌ನಲ್ಲಿ ಬಂದರೆ ಮಾರ್ಚ್ ಮೊದಲ ವಾರದ ಹೊತ್ತಿಗೆ ಹೊರಡಲೇಬೇಕು, ಆಮೇಲೆ ಜೂನ್‌ವರೆಗೆ ಬರುವ ಹಾಗಿಲ್ಲ. ಖರ್ಚು ನೀವು ನೋಡಿಕೊಳ್ಳುವುದಾದರೆ ಔಸ್‌ಲೆಂಡರ್‌ಬೆಹೋರ್ಡೆಯಲ್ಲಿ (ವಿದೇಶಿಯರ ಕಚೇರಿ) ಫೆರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್ (ಖರ್ಚಿನ ಹೊಣೆ ನಮ್ಮದು ಅನ್ನುವ ಪತ್ರ) ಮಾಡಿಸಿ, ಅಸಲು ಪ್ರತಿಯನ್ನೇ ಊರಿಗೆ ಕಳಿಸಬೇಕು. ಅದಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕೆಲವು ಊರುಗಳಲ್ಲಿ ವಾರಗಟ್ಟಲೆ. ಬೆಂಗಳೂರಿನಲ್ಲಿ ವೀಸಾಗೆ ಸ್ಲಾಟ್ ಬೇರೆ. ವೀಸಾ ಫೀಸು ಈಗ 90 ಯೂರೋ, ಕನಿಷ್ಠ 30,000 ಯೂರೋದ ಇನ್ಶೂರೆನ್ಸ್ ಕಡ್ಡಾಯ. ಈಗ ಶುರು ಮಾಡಿದರೆ ಡಿಸೆಂಬರ್‌ಗೆ ಆಗುವುದು ನನಗಂತೂ ಅನುಮಾನ.

ಶಿವಮೊಗ್ಗದ ಅಜ್ಜಿ

ನೋಡಮ್ಮ, ನಾನು ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದವಳು, ಮೊಮ್ಮಗ ಈ ವೇದಿಕೆ ತೋರಿಸಿಕೊಟ್ಟ. ನಿಮ್ಮಮ್ಮ ಹೇಳಲಾರದ್ದನ್ನು ನಾನು ಹೇಳುತ್ತೇನೆ, ತಪ್ಪು ತಿಳಿಯಬೇಡ.

ಮಗುವಿನ ಜೊತೆ ಇರುವುದು ನಮಗೆ ಕಷ್ಟ ಅಲ್ಲ. ಕಷ್ಟ ಆಗುವುದು ಚಳಿಗಾಲದಲ್ಲಿ, ಕಾಯಿಲೆ ಮಗುವಿನ ಜೊತೆ ಒಬ್ಬರೇ ಇರುವುದು. ಸಂಜೆ ನಾಲ್ಕೂವರೆಗೆಲ್ಲಾ ಕತ್ತಲು. ಪಕ್ಕದ ಮನೆ ಬಾಗಿಲು ಬಡಿಯೋಣ ಅಂದರೆ ಭಾಷೆ ಬರುವುದಿಲ್ಲ. ಮಗು ಮೈ ಸುಡುತ್ತಾ ಮಡಿಲಲ್ಲಿ ಮಲಗಿದೆ, ಮಗಳು ಆಫೀಸಿನಲ್ಲಿ, ಫ್ರಿಜ್‌ನಲ್ಲಿರುವ ಔಷಧಿಯ ಮೇಲೆ ಬರೆದಿದ್ದು ಒಂದಕ್ಷರ ಅರ್ಥ ಆಗುವುದಿಲ್ಲ. ಊರಿನಲ್ಲಾದರೆ ಎದುರು ಮನೆಯವರನ್ನು ಕೂಗಿ ಕರೆದು ಆಟೋ ಹತ್ತಿ ಡಾಕ್ಟರ ಹತ್ತಿರ ಓಡುತ್ತಿದ್ದೆವು. ಅಲ್ಲಿ ನನಗೆ ಕೈಕಾಲು ಆಡುತ್ತಿರಲಿಲ್ಲ. ಮಗಳಿಗೆ ಹೇಳಿಕೊಳ್ಳಲಿಲ್ಲ, ಅವಳಿಗೆ ಅದೇ ಸಾಕಾಗಿತ್ತು.

ಮುಂದಿನ ಸಲ ಮೇ ತಿಂಗಳಲ್ಲಿ ಹೋದೆ. ಆಗ ಬೇರೆಯೇ ಊರು ಅದು! ರಾತ್ರಿ ಒಂಬತ್ತಾದರೂ ಬೆಳಕು. ಮಧ್ಯಾಹ್ನ ಮೂರಕ್ಕೆ ಕಿಟಾದಿಂದ ಮೊಮ್ಮಗನನ್ನು ಕರೆದುಕೊಂಡು ನೇರ ಆಟದ ಮೈದಾನಕ್ಕೆ ಹೋಗಿಬಿಡುತ್ತಿದ್ದೆ. ಮರಳಿನಲ್ಲಿ ಅವನು ಇಡ್ಲಿ ಮಾಡಿ ಅಲ್ಲಿದ್ದ ಮಕ್ಕಳಿಗೆಲ್ಲ ಹಂಚುವವನು, ಆ ಮಕ್ಕಳ ಅಜ್ಜಿಯರ ಜೊತೆ ನನ್ನದು ನಗುವಿನಲ್ಲೇ ಮಾತುಕತೆ. ಒಬ್ಬರು ತುರ್ಕಿಯವರು, ನನಗೆ ದಿನಾ ಏನಾದರೂ ತಿಂಡಿ ತರುತ್ತಿದ್ದರು, ನಾನು ಅವರಿಗೆ ಚಕ್ಕುಲಿ. ಮಗುವಿಗೂ ಆ ನೆನಪೇ ಇದೆ.

ನಿಮ್ಮಮ್ಮನನ್ನು ಕರೆಸು, ಖಂಡಿತ ಕರೆಸು. ಆದರೆ ನರ್ಸ್ ಮಾಡಿ ಕರೆಸಬೇಡ ಕಣಮ್ಮ. ಮಗುವನ್ನು ಇಲ್ಲಿಗೆ ತಂದು ಬಿಡುವ ಮಾತು ನೀನೇ ಬೇಡ ಅಂದೆಯಲ್ಲ, ಅಲ್ಲಿಗೆ ಅದು ಮುಗಿಯಿತು. ಅತ್ತೆ ಕೇಳಿದರೆ ನಯವಾಗಿ ಹೇಳು, ಪದೇ ಪದೇ ಹೇಳಬೇಕಾಗುತ್ತದೆ.

ತುಮಕೂರು ಅಪ್ಪ (ಸ್ಟುಟ್‌ಗಾರ್ಟ್)

ಅಮ್ಮಾ, ನೀವು ಹೇಳಿದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ನಮ್ಮತ್ತೆಯೂ ಫೆಬ್ರವರಿಯಲ್ಲಿ ಬಂದು ಹೀಗೇ ಮೌನವಾಗಿ ಇದ್ದರು, ಯಾಕೆ ಅಂತ ಈಗ ಅರ್ಥ ಆಗುತ್ತಿದೆ.

ಧಾರವಾಡ ಪೇಡೆ (ಹ್ಯಾಂಬರ್ಗ್)

ಗಂಟೆ ಕಡಿಮೆ ಮಾಡುವ ಬಗ್ಗೆ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಎಲ್ಟರ್ನ್‌ಝೈಟ್ (ಮಗುವನ್ನು ನೋಡಿಕೊಳ್ಳಲು ಅಪ್ಪ ಅಮ್ಮನಿಗೆ ಸಿಗುವ ರಜೆ) ಅಂದರೆ ಬರೀ ಮನೆಯಲ್ಲಿ ಕೂರುವುದಲ್ಲ. ಮಗುವಿಗೆ ಮೂರು ತುಂಬುವವರೆಗೆ ಅಪ್ಪ ಅಮ್ಮ ಇಬ್ಬರಿಗೂ ಅದರ ಹಕ್ಕಿದೆ, ಆ ಸಮಯದಲ್ಲಿ ವಾರಕ್ಕೆ 32 ಗಂಟೆಯವರೆಗೆ ಕೆಲಸವನ್ನೂ ಮಾಡಬಹುದು. 15ಕ್ಕಿಂತ ಜಾಸ್ತಿ ಜನರಿರುವ ಕಂಪನಿಯಾಗಿದ್ದು, ನೀವು ಸೇರಿ ಆರು ತಿಂಗಳು ದಾಟಿದ್ದರೆ ಸುಮ್ಮಸುಮ್ಮನೆ ಇಲ್ಲ ಅನ್ನಲು ಅವರಿಗೆ ಆಗುವುದಿಲ್ಲ. ಏಳು ವಾರ ಮೊದಲು ಬರೆದು ಕೊಡಬೇಕು. ಇದರ ಲಾಭ ಏನು ಗೊತ್ತಾ, ಎಲ್ಟರ್ನ್‌ಝೈಟ್ ಮುಗಿದ ತಕ್ಷಣ ನಿಮ್ಮ ಹಳೆಯ ಗಂಟೆಗಳು ತಾನಾಗಿಯೇ ವಾಪಸ್ ಬರುತ್ತವೆ. ಕಂಪನಿ ಜೊತೆ ಸುಮ್ನೆ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಗಂಟೆ ಇಳಿಸಿಕೊಂಡರೆ ಆ ಖಾತ್ರಿ ಇರುವುದಿಲ್ಲ. ನನ್ನ ಗೆಳತಿಯೊಬ್ಬಳು ಹಾಗೆ ಸಹಿ ಹಾಕಿ ಈಗಲೂ 20 ಗಂಟೆಯಲ್ಲೇ ಇದ್ದಾಳೆ.

ನಿಮ್ಮ ಮನೆಯವರು ಇಳಿಸುವುದಾದರೆ ಒಂದು ವಿಷಯ ನೋಡಿಕೊಳ್ಳಿ. ಬ್ಲೂ ಕಾರ್ಡ್‌ಗೆ ಕನಿಷ್ಠ ಸಂಬಳ ಅಂತ ಇದೆ, 2025ರಲ್ಲಿ ವರ್ಷಕ್ಕೆ 48,300 ಯೂರೋ, ಐಟಿಯಂಥ ಜನ ಸಿಗದ ಕೆಲಸಗಳಿಗೆ 43,759.80 ಇತ್ತು. ಗಂಟೆ ಕಡಿಮೆಯಾಗಿ ಸಂಬಳ ಈಗಿನ ಮಿತಿಯ ಕೆಳಗೆ ಹೋಗುವ ಹಾಗಿದ್ದರೆ ಮೊದಲೇ ಔಸ್‌ಲೆಂಡರ್‌ಬೆಹೋರ್ಡೆಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ನೀಡರ್‌ಲಾಸುಂಗ್ (ಕಾಯಂ ಆಗಿ ಇರುವ ಪರವಾನಗಿ) ಸಿಕ್ಕಿದ ಮೇಲೆ ಈ ತಲೆನೋವು ಇಲ್ಲ. ಬ್ಲೂ ಕಾರ್ಡ್‌ನವರಿಗೆ 27 ತಿಂಗಳಿಗೆ ಸಿಗುತ್ತದೆ, ಜರ್ಮನ್ ಭಾಷೆಯ ಬಿ1 ಮಟ್ಟದ ಸರ್ಟಿಫಿಕೇಟ್ ಇದ್ದರೆ 21ಕ್ಕೇ. ನಿಮ್ಮ ವೀಸಾಗೆ ಈ ಸಂಬಳದ ಮಿತಿ ಇಲ್ಲ. ಹಾಗಂತ ಇಳಿಸುವವರು ಯಾವಾಗಲೂ ನೀವೇ ಆಗಬೇಕು ಅಂತಲೂ ಇಲ್ಲ.

ಕೊನೆಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ನಮಗೆ ಇನ್ನೊಂದು ಕುಟುಂಬ. ಮಗಳ ಗುಂಪಿನಲ್ಲೇ ಇರುವ ಪೋಲೆಂಡ್‌ನ ಮಗುವಿನ ಅಪ್ಪ ಅಮ್ಮ, ನಮ್ಮ ಬೀದಿಯಲ್ಲೇ ಇದ್ದಾರೆ. ಕಿಟಾದ ಫಾರಂನಲ್ಲಿ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಅಂತ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ನಾವು ಅವರ ಹೆಸರು, ಅವರು ನಮ್ಮ ಹೆಸರು ಬರೆದಿದ್ದೇವೆ. ಟ್ರೇನ್ ಕ್ಯಾನ್ಸಲ್ ಆದ ದಿನ ಅವರು ಇಬ್ಬರು ಮಕ್ಕಳನ್ನೂ ಮನೆಗೆ ಕರೆದುಕೊಂಡು ಹೋಗಿ ನೂಡಲ್ಸ್ ತಿನ್ನಿಸಿ ಕಾರ್ಟೂನ್ ಹಾಕಿ ಕೂರಿಸಿರುತ್ತಾರೆ. ಮೊದಲ ಸಲ ಕೇಳಲು ಸಂಕೋಚ ಆಯಿತು, ಕೇಳಿದರೆ ಅವರೂ ಇದಕ್ಕೇ ಕಾಯುತ್ತಿದ್ದರು. ಬೆಳಿಗ್ಗೆ ಶೂ ಬಿಚ್ಚಿಸುವ ಜಾಗದಲ್ಲಿ ದಿನಾ ಸಿಗುವವರ ಪೈಕಿ ಒಬ್ಬರನ್ನು ಶನಿವಾರ ಮನೆಗೆ ಕರೆಯಿರಿ. ಒಂದು ಪಲಾವ್ ಮಾಡಿದರೆ ಸಾಕು.

ಹಾಸನದ ಹುಡುಗಿ (ಫ್ರಾಂಕ್‌ಫರ್ಟ್ ಹತ್ತಿರ)

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ರಾತ್ರಿ ಮನೆಯವರ ಜೊತೆ ಕೂತು ಒಂದೊಂದೇ ಓದಿದೆವು. ಮಗುವಿನ ಕಾಯಿಲೆ ರಜೆಯಲ್ಲಿ ಅವರದ್ದು ಒಂದು ದಿನವೂ ಮುಟ್ಟಿರಲಿಲ್ಲ. ಡಿಸೆಂಬರ್ ಪೂರ್ತಿ ಫೋನ್ ಬಂದರೆ ಅವರೇ ಹೋಗುತ್ತಾರೆ, ಕಿಟಾಗೆ ಹೇಳಿ ಅವರ ನಂಬರನ್ನು ಮೇಲೆ ಹಾಕಿಸಿದ್ದೇವೆ. ಗಂಟೆಯನ್ನು ಸದ್ಯಕ್ಕೆ ಇಳಿಸುವುದಿಲ್ಲ, ಎಲ್ಟರ್ನ್‌ಝೈಟ್ ವಿಷಯ ಎಚ್‌ಆರ್ ಹತ್ತಿರ ವಿಚಾರಿಸುತ್ತೇನೆ.

ಅಜ್ಜಿ, ನೀವು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೂ ಆ ಕತ್ತಲೆಯದ್ದೇ ಭಯ ಇತ್ತು ಅಂದರು. ಏಪ್ರಿಲ್ ಕೊನೆಗೆ ಕರೆಸುತ್ತೇವೆ, ಅಪ್ಪನನ್ನೂ ಸೇರಿಸಿ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ, ಮಾತ್ರೆಗಳ ವಿಷಯ ಹೇಗೆ?

ಮಂಗಳೂರು ಮೀನು (ಬರ್ಲಿನ್)

ಇರುವಷ್ಟು ದಿನಕ್ಕೆ ಬೇಕಾಗುವ ಮಾತ್ರೆಗಳನ್ನು ಊರಿಂದಲೇ ತರಲಿ, ಇಂಗ್ಲಿಷ್‌ನಲ್ಲಿ ಬರೆದ ಡಾಕ್ಟರ್ ಚೀಟಿಯ ಜೊತೆ. ಒಂದು ವಾರದ್ದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ, ಸೂಟ್‌ಕೇಸ್ ತಡವಾಗಿ ಬಂದರೆ ಕಷ್ಟ. ಇನ್ಶೂರೆನ್ಸ್ ತೆಗೆಯುವಾಗ ಮೊದಲೇ ಇರುವ ಕಾಯಿಲೆಯ ಬಗ್ಗೆ ಏನು ಬರೆದಿದ್ದಾರೆ ಅಂತ ಪೂರ್ತಿ ಓದಿ, ಅಗ್ಗದ ಪಾಲಿಸಿಗಳಲ್ಲಿ ಬಿಪಿ, ಶುಗರ್‌ಗೆ ಸಂಬಂಧಪಟ್ಟದ್ದನ್ನು ಹೊರಗಿಟ್ಟಿರುತ್ತಾರೆ. ಮತ್ತೆ ಅವರ ಫೋನಿನಲ್ಲಿ ಎರಡು ನಂಬರ್ ಕನ್ನಡದಲ್ಲೇ ಹೆಸರು ಹಾಕಿ ಸೇವ್ ಮಾಡಿ: ಜೀವಕ್ಕೆ ಅಪಾಯ ಅನ್ನಿಸಿದರೆ 112, ರಾತ್ರಿ ಅಥವಾ ಭಾನುವಾರ ಡಾಕ್ಟರ್ ಬೇಕಾದರೆ 116117. ಏಪ್ರಿಲ್‌ಗೆ ಅಂದರೆ ಅಪಾಯಿಂಟ್‌ಮೆಂಟ್ ಈ ವಾರವೇ ಹುಡುಕಿ.