ಊರು ಮುಳುಗಿತೋ, ಮುಳುಗೀತೋ?

ಎಲ್ಲರಿಗೂ ನಮಸ್ಕಾರ. ಒಂದು ದೀರ್ಘ ನಮ್ಮ ಮನೆಯಲ್ಲಿ ಜಗಳ ಹಚ್ಚಿದೆ. ಬಲ್ಲವರು ಬಿಡಿಸಿಕೊಡಬೇಕು.

ನಮ್ಮದು ಬಾಗಲಕೋಟೆ. ಹಳೆ ಊರಿನ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು, ಈಗ ನವನಗರದಲ್ಲಿದ್ದೇವೆ. ಅಜ್ಜನ ಲೆಕ್ಕದ ಪುಸ್ತಕವೊಂದು ಉಳಿದಿದೆ. ಹತ್ತಿ ಮಾರಿದ್ದು, ಎಮ್ಮೆ ಕೊಂಡದ್ದು, ಶಿವರಾತ್ರಿಗೆ ಹೊಳೆಬಬಲಾದಿ ಜಾತ್ರೆಗೆ ಹೋಗಿ ಕೇಳಿ ಬಂದ ಕಾಲಜ್ಞಾನದ ನುಡಿ, ಎಲ್ಲಾ ಅದರಲ್ಲೇ. ಒಂದು ಪುಟದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ 'ಊರು ಮುಳುಗಿತು' ಎಂದಷ್ಟೇ ಇದೆ. ತಾರೀಖಿಲ್ಲ.

ಕಾಕಾ ಇದನ್ನು ಭವಿಷ್ಯ ಅನ್ನುತ್ತಾರೆ. ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಅಜ್ಜ ಅದಕ್ಕೂ ಮೊದಲೇ ಬರೆದಿಟ್ಟಿದ್ದರಂತೆ. ಅಜ್ಜ ದೀರ್ಘ ಹಾಕುತ್ತಿರಲಿಲ್ಲ ಅನ್ನೋದು ನಿಜ. 'ಬೀಜ' ಅಲ್ಲಿ 'ಬಿಜ', 'ನೀರು' 'ನಿರು'. ಹಾಗಾಗಿ ಇದು 'ಮುಳುಗೀತು' ಅನ್ನೋದು ಅವರ ವಾದ. ಆದರೆ ಅಜ್ಜ ನೀರು ಬಂದದ್ದನ್ನೂ ಕಣ್ಣಾರೆ ಕಂಡವರು. ಆಮೇಲೆ ಬರೆದಿದ್ದರೆ ಅದು ಬರೀ ಸುದ್ದಿ, ಅಲ್ವಾ?

'ಬಂದೀತು' ಆದರೆ ಇಷ್ಟು ತಾಪತ್ರಯವಿಲ್ಲ, ಆಗಿಹೋದದ್ದಕ್ಕೆ 'ಬಂತು' ಅಂದುಬಿಡುತ್ತೇವೆ. ಮುಳುಗು, ಒಣಗು, ಉರುಳು ಇಂಥವುಗಳಲ್ಲೇ ನಿನ್ನೆಗೂ ನಾಳೆಗೂ ನಡುವೆ ಒಂದೇ ಒಂದು ದೀರ್ಘ.

ಇನ್ನೊಂದು ತೊಡಕು. ಶಾಲೆಯ ವ್ಯಾಕರಣ 'ಮುಳುಗೀತು'ವನ್ನು ಸಂಭಾವನಾರ್ಥಕ ಅನ್ನುತ್ತದೆ. ಅಂದರೆ ಮುಳುಗಬಹುದು. ನನ್ನ ಮಗಳು ಹಾಗೇ ಓದಿ, 'ಮುಳುಗದೇನೂ ಇರಬಹುದಿತ್ತು, ಇದೆಂಥ ಭವಿಷ್ಯ' ಅಂದಳು. ನಮ್ಮವ್ವನ ಬಾಯಲ್ಲಿ ಅದು ಅಷ್ಟು ಸಪ್ಪೆ ಅಲ್ಲ. ಮಾಳಿಗೆಯ ಅಂಚಿಗೆ ಹೋದ ಹುಡುಗನಿಗೆ 'ಏ, ಬಿದ್ದೀ!' ಅಂತ ಕೂಗುತ್ತಾಳೆ. ಬೀಳುವ ಸಾಧ್ಯತೆ ಇದೆ ಅಂತಲ್ಲ ಅದರರ್ಥ, ಹಿಂದಕ್ಕೆ ಸರಿ ಅಂತ. ಮಳೆಯ ಮುನ್ಸೂಚನೆಯಲ್ಲಿ ಬರುವ 'ಸಾಧ್ಯತೆ ಇದೆ'ಗೆ ಆ ಚುರುಕು ಎಲ್ಲಿದೆ?

ಇನ್ನು ದೀರ್ಘ ಇಲ್ಲದೆಯೂ ಭವಿಷ್ಯ ನುಡಿಯಬಹುದು. ಒಳಗಿನಿಂದ 'ಬಂದೆ, ಬಂದೆ' ಅನ್ನುವವನು ಇನ್ನೂ ಚಪ್ಪಲಿ ಹುಡುಕುತ್ತಿರುತ್ತಾನೆ. 'ಡ್ಯಾಮ್ ಕಟ್ಟಿದರಂದ್ರ ಊರು ಮುಳುಗಿತು ಅಂತ ತಿಳಿ' ಅಂತ ಕಟ್ಟೆಯ ಮೇಲೆ ಯಾರೋ ಅಂದಿರಬೇಕು, ಅಜ್ಜ ಅರ್ಧ ಬರೆದುಕೊಂಡಿರಬೇಕು. ನನ್ನ ಮನಸ್ಸು ಇದಕ್ಕೇ ಜಾಸ್ತಿ ಒಲಿಯುತ್ತದೆ. ಕಾಕಾ ಒಪ್ಪಲ್ಲ.

ಈಗ ಜಲಾಶಯದಲ್ಲಿ ನೀರು ನಿಲ್ಲಿಸುವುದು 519.6 ಮೀಟರಿಗೆ. 524.256ಕ್ಕೆ ಏರಿಸುವ ಮಾತಿದೆ. ಹಳೆ ಊರಲ್ಲಿ ಉಳಿದ ನೆಂಟರು ಮತ್ತೆ 'ಮುಳುಗೀತು' ಅನ್ನುತ್ತಿದ್ದಾರೆ, ದೀರ್ಘ ಎಳೆದೇ.

ನಿಮ್ಮ ಕಡೆ 'ಬಿದ್ದೀ', 'ಒಡೆದೀತು' ಅಂದರೆ ಎಚ್ಚರಿಕೆಯೋ, ಬರೀ ಊಹೆಯೋ? ವಿಜಯಪುರ, ಬೆಳಗಾವಿಯವರು ಹೇಳಿ. ಮೈಸೂರು ಕಡೆಯವರೂ ಈ ರೂಪವನ್ನು ಮಾತಿನಲ್ಲಿ ಉಳಿಸಿಕೊಂಡಿದ್ದೀರಾ, ಇಲ್ಲಾ ಎಲ್ಲದಕ್ಕೂ 'ಬಹುದು' ಬಂದುಬಿಟ್ಟಿದೆಯಾ?